ಕಾಣೆಯಾದವರ ಲೆಕ್ಕ ಕೊಡಿ: ಶ್ರೀಲಂಕಾದ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಅಧ್ಯಕ್ಷ ಅನುರ ಕುಮಾರ ದಿಸ್ಸನಾಯಕೆ ಅವರಿಗೆ ನಮಸ್ಕಾರಗಳು.

2024ರ ಸೆಪ್ಟೆಂಬರ್‌ನಲ್ಲಿ ನೀವು ಅಧ್ಯಕ್ಷರಾಗಿ ಗೆದ್ದಾಗ ಜಾಫ್ನಾ ಜಿಲ್ಲೆಯಲ್ಲಿ ನಿಮಗೆ ಬಿದ್ದ ವೋಟು ತೀರಾ ಕಮ್ಮಿ. ನೂರಕ್ಕೆ ಹತ್ತೂ ಇರಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಸಂಸತ್ತಿನ ಚುನಾವಣೆ ಬಂತು. ಅದೇ ಜಾಫ್ನಾ ಆರರಲ್ಲಿ ಮೂರು ಸ್ಥಾನವನ್ನು ನಿಮ್ಮ ಮೈತ್ರಿಕೂಟಕ್ಕೆ ಕೊಟ್ಟಿತು. ದೇಶದ 225 ಸ್ಥಾನಗಳಲ್ಲಿ 159 ನಿಮ್ಮದಾಯಿತು. ದಕ್ಷಿಣದ ಸಿಂಹಳ ಹಳ್ಳಿಗಳಲ್ಲಿ ಬೆಳೆದ ಪಕ್ಷವೊಂದನ್ನು ಉತ್ತರದ ತಮಿಳರು ಹೀಗೆ ಕೈಹಿಡಿದದ್ದು ಸಣ್ಣ ಮಾತಲ್ಲ. ಈ ಪತ್ರ ಆ ನಂಬಿಕೆಯ ಬಗ್ಗೆ. ಅದು ಕೈಜಾರಿ ಹೋಗುವ ಮೊದಲು ನೀವು ಮಾಡಬೇಕಾದ ಕೆಲಸದ ಬಗ್ಗೆ.

ನಾನು ನಿಮ್ಮ ದೇಶದ ಪ್ರಜೆ ಅಲ್ಲ. ಪಾಕ್ ಜಲಸಂಧಿಯ ಈಚೆಯ ದೇಶದಿಂದ, ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೊರಗಿನವರಿಗೆ ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಬಹುದು. ಆದರೆ ನಿಮ್ಮ ಯುದ್ಧದಲ್ಲಿ ನಮ್ಮ ದೇಶ ಹೊರಗೆ ನಿಂತಿರಲಿಲ್ಲ. 1980ರ ದಶಕದಲ್ಲಿ ತಮಿಳು ಸಶಸ್ತ್ರ ಗುಂಪುಗಳಿಗೆ ತರಬೇತಿ ಮತ್ತು ಆಯುಧ ಕೊಟ್ಟದ್ದು ಭಾರತ. 1987ರ ಒಪ್ಪಂದದ ನಂತರ ಶಾಂತಿಪಾಲನಾ ಪಡೆ ಕಳಿಸಿದ್ದೂ ಭಾರತ. ಆ ಪಡೆಯ ಸಾವಿರಕ್ಕೂ ಹೆಚ್ಚು ಯೋಧರು ಅಲ್ಲಿ ಸತ್ತರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜಾಫ್ನಾ ಆಸ್ಪತ್ರೆಯೊಳಗೆ ಡಾಕ್ಟರು, ನರ್ಸು, ರೋಗಿಗಳು ಸತ್ತದ್ದು ನಮ್ಮ ಸೈನಿಕರ ಗುಂಡಿಗೆ. ಇದನ್ನು ನಾವು ನಮ್ಮ ಮಕ್ಕಳಿಗೆ ಹೇಳುವುದಿಲ್ಲ. ನಮ್ಮಲ್ಲಿ ತುಂಬಾ ಜನರಿಗೆ ಲಂಕೆಯ ಯುದ್ಧ ಅಂದರೆ ಎರಡೇ ಸುದ್ದಿ: 1991ರಲ್ಲಿ ರಾಜೀವ್ ಗಾಂಧಿ ಹತ್ಯೆ, 2009ರಲ್ಲಿ ಪ್ರತ್ಯೇಕ ತಮಿಳು ದೇಶಕ್ಕಾಗಿ ಹೋರಾಡಿದ ಎಲ್‌ಟಿಟಿಇಯ ನಾಯಕ ಪ್ರಭಾಕರನ್ ಸಾವು. ಅದರ ನಡುವೆ ಮತ್ತು ಅದರ ನಂತರ ಆದದ್ದನ್ನು ನಮ್ಮ ಓದುಗರೂ ತಿಳಿಯಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಯುದ್ಧ ಮುಗಿದು ಎಷ್ಟೋ ವರ್ಷ ಆಯಿತು, ಈಗ ಮುಖ್ಯವಾದದ್ದು ಸಾಲ, ಡಾಲರ್, ಉದ್ಯೋಗ ಎಂದು ದಕ್ಷಿಣದಲ್ಲಿ ಹಲವರು ಹೇಳುತ್ತಾರೆ. ಅವರ ಕಷ್ಟ ಸುಳ್ಳಲ್ಲ. 2022ರ ಏಪ್ರಿಲ್‌ನಲ್ಲಿ ದೇಶ ವಿದೇಶಿ ಸಾಲ ತೀರಿಸಲಾಗದೆ ಕೈಚೆಲ್ಲಿತು. ಜನ ಪೆಟ್ರೋಲ್‌ಗೆ, ಗ್ಯಾಸ್‌ಗೆ ದಿನಗಟ್ಟಲೆ ಸಾಲಿನಲ್ಲಿ ನಿಂತರು. ಆ ಸಿಟ್ಟಿನಲ್ಲೇ ಜುಲೈ ತಿಂಗಳಲ್ಲಿ ಆಗಿನ ಅಧ್ಯಕ್ಷ ಗೊಟಬಯ ರಾಜಪಕ್ಸ ಓಡಿಹೋಗಬೇಕಾಯಿತು. ಆದರೆ ಆ ಹೋರಾಟದ ನಡುವೆಯೇ ಇನ್ನೊಂದು ಸಂಗತಿ ನಡೆಯಿತು. ಆ ವರ್ಷದ ಮೇ 18ರಂದು ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಸಿಂಹಳ ಯುವಕರು ತಮಿಳರ ಜೊತೆ ನಿಂತು, 2009ರಲ್ಲಿ ಯುದ್ಧ ಮುಗಿದ ಜಾಗವಾದ ಮುಳ್ಳಿವಾಯ್ಕಾಲ್‌ನಲ್ಲಿ ಸತ್ತವರನ್ನು ನೆನೆದರು. ಯುದ್ಧದ ಕೊನೆಯ ದಿನಗಳಲ್ಲಿ ಆ ಜನರ ಜೀವ ಹಿಡಿದಿಟ್ಟ ಗಂಜಿಯನ್ನೇ ಅಲ್ಲಿ ಹಂಚಿದರು. ಯುದ್ಧ ಮುಗಿದ ಮೇಲೆ ಹಲವು ವರ್ಷ ಅದೇ ದಿನಗಳಲ್ಲಿ ಕೊಲಂಬೊ ವಿಜಯೋತ್ಸವ ಆಚರಿಸಿತ್ತು. ನಿಮ್ಮನ್ನು ಅಧಿಕಾರಕ್ಕೆ ತಂದ ಅಲೆ ಹುಟ್ಟಿದ್ದು ಆ ಮೈದಾನದಲ್ಲಿ. ಹಾಗಾಗಿ, ಸಿಂಹಳ ಜನ ಇಂಥ ಮಾತು ಕೇಳಲು ತಯಾರಿಲ್ಲ ಎಂದು ನಿಮ್ಮ ಸಲಹೆಗಾರರು ಹೇಳಿದರೆ ದಯವಿಟ್ಟು ಒಪ್ಪಬೇಡಿ.

ನನ್ನ ಮಾತು ಇಷ್ಟೇ. ಅಂತರ್ಯುದ್ಧ ಮುಗಿದ ದೇಶವನ್ನು ಮತ್ತೆ ಕಟ್ಟುವುದು ರಸ್ತೆ, ರೈಲಿನಿಂದ ಶುರುವಾಗುವುದಿಲ್ಲ. ಜಾಫ್ನಾಕ್ಕೆ ರೈಲು 2014ರಲ್ಲೇ ಮರಳಿ ಬಂತು. ನಂಬಿಕೆ ಬರಲಿಲ್ಲ. ತಾನು ಯಾರನ್ನು ಹಿಡಿದುಕೊಂಡು ಹೋಯಿತೋ ಅವರ ಬಗ್ಗೆ ಸರ್ಕಾರ ಮೊದಲು ಉತ್ತರ ಹೇಳಬೇಕು. ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ.

2009ರ ಮೇ ತಿಂಗಳ ಮೂರನೇ ವಾರದಲ್ಲಿ ಮುಲ್ಲೈತೀವು ಜಿಲ್ಲೆಯ ವಟ್ಟುವಾಗಲ್ ಸೇತುವೆ ದಾಟಿ ಸಾವಿರಾರು ಜನ ಸೈನ್ಯದ ಕಡೆಗೆ ನಡೆದು ಬಂದರು. ಶೆಲ್ ದಾಳಿ, ಹಸಿವು, ಹೆಣಗಳ ನಡುವೆ ತಿಂಗಳುಗಟ್ಟಲೆ ಬದುಕಿ ಉಳಿದವರು ಅವರು. ಎಲ್‌ಟಿಟಿಇಯಲ್ಲಿ ಒಂದೇ ಒಂದು ದಿನ ಇದ್ದವರೂ ಹೆಸರು ಬರೆಸಬೇಕು, ವಿಚಾರಣೆ ಮಾಡಿ ಬಿಡುತ್ತೇವೆ ಎಂದು ಸೈನಿಕರು ಮೈಕಿನಲ್ಲಿ ಕೂಗಿದರು ಎಂದು ಆ ಕುಟುಂಬಗಳು ಹೇಳುತ್ತಾ ಬಂದಿವೆ. ತಾಯಂದಿರು ಮಕ್ಕಳನ್ನು, ಹೆಂಡತಿಯರು ಗಂಡಂದಿರನ್ನು ತಾವೇ ಕರೆತಂದು ಒಪ್ಪಿಸಿದರು. ಫ್ರಾನ್ಸಿಸ್ ಜೋಸೆಫ್ ಎಂಬ ಪಾದ್ರಿ ಶರಣಾದವರ ಜೊತೆ ತಾವೂ ಬಸ್ ಹತ್ತಿದರು. ಆ ಬಸ್ಸಿನಲ್ಲಿ ಹೋದವರನ್ನು ಮತ್ತೆ ಯಾರೂ ನೋಡಲಿಲ್ಲ. ಇವರು ಯುದ್ಧಭೂಮಿಯಲ್ಲಿ ಕಳೆದುಹೋದವರಲ್ಲ, ಅಧ್ಯಕ್ಷರೇ. ಸಾಕ್ಷಿಗಳ ಕಣ್ಣೆದುರಿಗೇ ಸರ್ಕಾರದ ಕೈಗೆ ಕೊಟ್ಟವರು. ಕೊಟ್ಟವರೇ ಬಂದು ಕೇಳುತ್ತಿದ್ದಾರೆ.

ಅವರು ಕೇಳದ ಬಾಗಿಲು ಉಳಿದಿಲ್ಲ. 2010ರಲ್ಲಿ ಪಾಠಗಳನ್ನು ಕಲಿಯುವ, ಸಮನ್ವಯ ಸಾಧಿಸುವ ಆಯೋಗ ಬಂತು. ಅದರ ಮುಂದೆ ಹೇಳಿದರು. 2013ರಲ್ಲಿ ಕಾಣೆಯಾದವರ ಬಗ್ಗೆಯೇ ಪರಣಗಮ ಆಯೋಗ ಬಂತು. ಅದರ ಮುಂದೂ ಹೇಳಿದರು. 2016ರಲ್ಲಿ ಕಾಣೆಯಾದವರ ಕಚೇರಿ ಸ್ಥಾಪಿಸಲು ಕಾನೂನು ಆಯಿತು. ಸದಸ್ಯರ ನೇಮಕಕ್ಕೇ 2018 ಬರಬೇಕಾಯಿತು. ಅಲ್ಲಿಯೂ ಅದೇ ಫೋಟೊ, ಅದೇ ಅರ್ಜಿ, ಅದೇ ಅಳು. 2017ರ ಫೆಬ್ರುವರಿ 20ರಂದು ಕಿಳಿನೊಚ್ಚಿಯ ಕಂದಸ್ವಾಮಿ ದೇವಸ್ಥಾನದ ಎದುರು ಈ ತಾಯಂದಿರು ರಸ್ತೆ ಬದಿ ಕೂತರು. ಆ ಧರಣಿ ಸಾವಿರ ದಿನ ದಾಟಿತು, ಎರಡು ಸಾವಿರ ದಾಟಿತು, ಮೂರು ಸಾವಿರವೂ ದಾಟಿತು. ಕಾಯುತ್ತಲೇ ಎಷ್ಟೋ ಮಂದಿ ತೀರಿಕೊಂಡರು. ಅದೇ 2017ರ ಜೂನ್‌ನಲ್ಲಿ ಆಗಿನ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರು ಜಾಫ್ನಾದಲ್ಲಿ ಈ ಕುಟುಂಬಗಳನ್ನು ಕಂಡು, ಶರಣಾದವರ ಪಟ್ಟಿ ಬಿಡುಗಡೆ ಮಾಡಿಸುತ್ತೇನೆ ಎಂದು ಮಾತು ಕೊಟ್ಟರು. ಪಟ್ಟಿ ಬರಲಿಲ್ಲ. 2020ರ ಜನವರಿಯಲ್ಲಿ ಗೊಟಬಯ ಅವರು ಕಾಣೆಯಾದವರು ಸತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ಪ್ರತಿನಿಧಿಗೆ ಹೇಳಿ ಕೈತೊಳೆದುಕೊಂಡರು. ಸತ್ತಿದ್ದರೆ ಯಾವಾಗ ಸತ್ತರು? ಎಲ್ಲಿ? ಕೊಂದವರು ಯಾರು? ಮರಣಪತ್ರ ಮತ್ತು ಪರಿಹಾರದ ಹಣ ಹಿಡಿದು ಬಂದವರಿಗೆ ತಾಯಂದಿರು ಕೇಳಿದ್ದು ಇಷ್ಟನ್ನೇ.

ಎಷ್ಟು ಜನ ಕಾಣೆಯಾದರು ಎಂಬ ಲೆಕ್ಕವೇ ಒಮ್ಮತದಲ್ಲಿಲ್ಲ. ರೆಡ್ ಕ್ರಾಸ್ ಬಳಿ 16,000ಕ್ಕೂ ಹೆಚ್ಚು ಹೆಸರುಗಳಿವೆ. 1980ರ ದಶಕದ ಕೊನೆಯಿಂದ ಲೆಕ್ಕ ಹಾಕಿದರೆ 60,000ದಿಂದ ಒಂದು ಲಕ್ಷ ಇರಬಹುದು ಎಂದು ಆಮ್ನೆಸ್ಟಿ ಅಂದಾಜು ಮಾಡಿತ್ತು. ಎರಡು ಕೋಟಿ ಚಿಲ್ಲರೆ ಜನಸಂಖ್ಯೆಯ ದ್ವೀಪಕ್ಕೆ ಇದು ಎಂಥ ಸಂಖ್ಯೆ ಎಂದು ನಮ್ಮ ಓದುಗರು ಒಂದು ನಿಮಿಷ ಯೋಚಿಸಬೇಕು. ನಾನು ನಿಮಗೆ ಬರೆಯಲು ಮುಖ್ಯ ಕಾರಣವೂ ಈ ಅಂದಾಜಿನೊಳಗೇ ಇದೆ. ಯಾಕೆಂದರೆ ಆ ಲೆಕ್ಕದಲ್ಲಿ ತಮಿಳರು ಮಾತ್ರ ಇಲ್ಲ. ನಿಮ್ಮ ಪಕ್ಷದವರು ಇದ್ದಾರೆ.

1987ರಿಂದ 1989ರವರೆಗೆ ನಿಮ್ಮ ಪಕ್ಷ ಜೆವಿಪಿ (ಜನತಾ ವಿಮುಕ್ತಿ ಪೆರಮುನ) ದಂಗೆ ಎದ್ದಾಗ ದಕ್ಷಿಣದಲ್ಲಿ ನಡೆದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆಗ ನೀವು ಆ ಪಕ್ಷದ ವಿದ್ಯಾರ್ಥಿ ಕಾರ್ಯಕರ್ತ. ನಂಬರ್ ಪ್ಲೇಟ್ ಇಲ್ಲದ ವ್ಯಾನುಗಳು ಬರುತ್ತಿದ್ದವು. ಹುಡುಗರನ್ನು ಮನೆಯಿಂದ ಎತ್ತಿಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ರಸ್ತೆ ಬದಿ ಟೈರಿನಲ್ಲಿ ಸುಟ್ಟ ಹೆಣಗಳು. ನದಿಗಳಲ್ಲಿ ತೇಲಿ ಬಂದ ಹೆಣಗಳು. ಪಕ್ಷದ ಸ್ಥಾಪಕ ರೋಹಣ ವಿಜೆವೀರ ಅವರನ್ನು 1989ರ ನವೆಂಬರ್‌ನಲ್ಲಿ ಹಿಡಿದ ಸೈನ್ಯ, ಅದಾದ ಗಂಟೆಗಳಲ್ಲೇ ಕೊಂದಿತು. ಕೋರ್ಟಿಲ್ಲ, ವಿಚಾರಣೆಯಿಲ್ಲ. ಸಿಂಹಳ ತಾಯಂದಿರು ಆಗ ಬಿಳಿ ಸೀರೆಯುಟ್ಟು ಫೋಟೊ ಹಿಡಿದು ಬೀದಿಗೆ ಬಂದರು. 2012ರಲ್ಲಿ ಮಾತಲೆ ಪಟ್ಟಣದ ಆಸ್ಪತ್ರೆಯ ಆವರಣದಲ್ಲಿ ಅಗೆದಾಗ 150ಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು. ಇವು ದಂಗೆಯ ಕಾಲದ ನಮ್ಮವರ ಮೂಳೆಗಳು ಎಂದು ನಿಮ್ಮ ಪಕ್ಷ ಗಟ್ಟಿಯಾಗಿ ಹೇಳಿತು. ಅದಕ್ಕಿಂತ ಹಳೆಯವು ಎಂದು ಸರ್ಕಾರ ನೇಮಿಸಿದ ಆಯೋಗ ಹೇಳಿತು. ಸತ್ಯ ಇನ್ನೂ ಹೊರಬಂದಿಲ್ಲ. ಮಾತಲೆಯ ತಾಯಿ ಕೇಳುವುದೂ ಮುಲ್ಲೈತೀವಿನ ತಾಯಿ ಕೇಳುವುದೂ ಒಂದನ್ನೇ ಅಲ್ವಾ? ಈ ಎರಡೂ ಪ್ರಶ್ನೆಯನ್ನು ಒಂದೇ ಉಸಿರಿನಲ್ಲಿ ಕೇಳಬಲ್ಲ ಅಧ್ಯಕ್ಷರು ಶ್ರೀಲಂಕಾಕ್ಕೆ ಈ ಹಿಂದೆ ಸಿಕ್ಕಿರಲಿಲ್ಲ. ಈ ಕೆಲಸಕ್ಕೆ ನಿಮಗಿರುವಷ್ಟು ಹಕ್ಕು ಬೇರೆ ಯಾರಿಗೂ ಇಲ್ಲ ಎಂದು ನಾನು ನಂಬಿದ್ದೇನೆ.

ಪ್ರತಿ ವರ್ಷ ನವೆಂಬರ್ 13ರಂದು ನಿಮ್ಮ ಪಕ್ಷ ತನ್ನ ಸತ್ತವರನ್ನು ನೆನೆಯುತ್ತದೆ. ಕೊಲಂಬೊದಲ್ಲಿ ಬಹಿರಂಗ ಸಭೆ, ಫೋಟೊ, ಭಾಷಣ ಎಲ್ಲ ಇರುತ್ತದೆ. ಆ ಸತ್ತವರಲ್ಲಿ ಆಯುಧ ಹಿಡಿದು ಕೊಂದವರೂ ಇದ್ದರು. ಆದರೂ ಅವರನ್ನು ಹೆತ್ತವರಿಗೆ, ಜೊತೆಗಾರರಿಗೆ ಅಳುವ ಹಕ್ಕನ್ನು ದೇಶ ಒಪ್ಪಿಕೊಂಡಿದೆ. ಎರಡು ವಾರ ಕಳೆದು ನವೆಂಬರ್ 27 ಬರುತ್ತದೆ. ಎಲ್‌ಟಿಟಿಇಯಲ್ಲಿದ್ದು ಸತ್ತವರನ್ನು ನೆನೆದು ಉತ್ತರದ ಮನೆಗಳಲ್ಲಿ ದೀಪ ಹಚ್ಚುವ ದಿನ. ಅಲ್ಲಿ ಎಷ್ಟೋ ವರ್ಷ ಪೊಲೀಸರು ಕೋರ್ಟಿನಿಂದ ತಡೆ ತಂದರು, ಹೆಸರು ಬರೆದುಕೊಂಡರು, ಬಂಧಿಸಿದರು. ಯುದ್ಧ ಮುಗಿದ ಮೇಲೆ ಸೈನ್ಯ ಅವರ ಸಮಾಧಿಗಳನ್ನೇ ಬುಲ್ಡೋಜರ್ ತಂದು ಕೆಡವಿತು. ನೀವು ಬಂದ ಮೇಲೆ ಬಿಗಿ ಸ್ವಲ್ಪ ಸಡಿಲವಾಗಿದೆ ನಿಜ. ಆದರೆ ಯಾರ ಮನಸ್ಸು ಯಾವಾಗ ಬದಲಾಗುತ್ತದೋ ಎಂಬ ಭಯದಲ್ಲಿ ಜನ ಅಳಬಾರದು. ಹಿಂಸೆಯ ಪ್ರಚಾರ ಬೇರೆ, ಸತ್ತ ಮಗನಿಗೆ ದೀಪ ಹಚ್ಚುವುದು ಬೇರೆ ಎಂದು ಕಾನೂನಿನಲ್ಲೇ ಸ್ಪಷ್ಟವಾಗಿ ಬರೆಯಿಸಿ.

ಇನ್ನೊಂದು ಮಾತು ಕಹಿಯಾದದ್ದು. ನಿಮ್ಮ ಪಕ್ಷದ ಇತಿಹಾಸದಲ್ಲಿ ತಮಿಳರು ಮರೆಯದ ಪುಟಗಳಿವೆ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದು ಪೂರ್ವ, ಉತ್ತರದ ಕರಾವಳಿ ಕೊಚ್ಚಿಹೋಯಿತು. ಪರಿಹಾರ ಹಂಚಲು ಸರ್ಕಾರ ಮತ್ತು ಎಲ್‌ಟಿಟಿಇ ನಡುವೆ ಒಂದು ಜಂಟಿ ವ್ಯವಸ್ಥೆ ಮಾಡುವ ಪ್ರಯತ್ನ ನಡೆದಾಗ ಅದನ್ನು ವಿರೋಧಿಸಿ 2005ರ ಜೂನ್‌ನಲ್ಲಿ ಜೆವಿಪಿ ಸರ್ಕಾರದಿಂದ ಹೊರಬಂತು. ಆಗ ನೀವು ಕೃಷಿ ಸಚಿವರಾಗಿದ್ದಿರಿ. ಕೋರ್ಟಿಗೆ ಹೋಗಿ ಅದನ್ನು ನಿಲ್ಲಿಸಿದ್ದೂ ನಿಮ್ಮ ಪಕ್ಷ. ಅದೇ ವರ್ಷ ಮಹಿಂದ ರಾಜಪಕ್ಸ ಅವರ ಗೆಲುವಿಗೆ ದುಡಿದಿರಿ. 2006ರಲ್ಲಿ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳನ್ನು ಬೇರೆ ಮಾಡಿದ ತೀರ್ಪು ಬಂದದ್ದೂ ಜೆವಿಪಿ ಹಾಕಿದ ಅರ್ಜಿಯಿಂದ. ಶಾಂತಿ ಮಾತುಕತೆಯನ್ನು ವಿರೋಧಿಸಿ ಯುದ್ಧಕ್ಕೆ ಬೆಂಬಲ ಕೊಟ್ಟವರಲ್ಲಿ ನೀವೂ ಒಬ್ಬರು. ಇದನ್ನು ಚುಚ್ಚಲು ಹೇಳುತ್ತಿಲ್ಲ. ಜಾಫ್ನಾದ ಜನ ಇದನ್ನೆಲ್ಲ ತಿಳಿದೇ ನಿಮಗೆ ವೋಟು ಹಾಕಿದರು. ಆ ಹಳೆಯ ನಿಲುವು ಈಗ ಏನಾಗಿದೆ ಎಂದು ನೀವು ಒಮ್ಮೆ ಸಂಸತ್ತಿನಲ್ಲಿ ನಿಂತು, ಸಿಂಹಳದಲ್ಲೇ, ಬಿಡಿಸಿ ಹೇಳಬೇಕು. ತಮಿಳರ ಊರಲ್ಲಿ ಒಂದು ಮಾತು, ದಕ್ಷಿಣದಲ್ಲಿ ಇನ್ನೊಂದು ಮಾತು ಆಡಿದ ನಾಯಕರನ್ನು ಅವರು 1956ರಿಂದ ನೋಡುತ್ತಾ ಬಂದಿದ್ದಾರೆ. 1957ರಲ್ಲಿ ಆಗಿನ ಪ್ರಧಾನಿ ಬಂಡಾರನಾಯಕೆ ಅವರು ತಮಿಳು ನಾಯಕ ಚೆಲ್ವನಾಯಕಂ ಅವರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಭಿಕ್ಕುಗಳು ಮನೆಮುಂದೆ ಬಂದು ಕೂತ ಕೂಡಲೇ ಅದನ್ನು ಹರಿದು ಹಾಕಿದರು. ಅಲ್ಲಿಂದಾಚೆಗೆ ಒಪ್ಪಂದಗಳು ಮುರಿಯುವುದೇ ವಾಡಿಕೆಯಾಯಿತು.

ಎಲ್‌ಟಿಟಿಇ ಮಾಡಿದ್ದನ್ನೂ ಇದೇ ಪತ್ರದಲ್ಲಿ ಹೇಳದೆ ಮುಂದೆ ಹೋಗಲಾರೆ. 1990ರ ಆಗಸ್ಟ್‌ನಲ್ಲಿ ಕಾತ್ತಾನ್‌ಕುಡಿಯ ಮಸೀದಿಗಳಲ್ಲಿ ನಮಾಜು ಮಾಡುತ್ತಿದ್ದ ನೂರಕ್ಕೂ ಹೆಚ್ಚು ಮುಸ್ಲಿಮರನ್ನು ಅದು ಕೊಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉತ್ತರದ ಮುಸ್ಲಿಮರನ್ನೆಲ್ಲ ಊರು ಬಿಡಿಸಿತು. ಸುಮಾರು 70,000 ಜನ ಉಟ್ಟ ಬಟ್ಟೆಯಲ್ಲಿ ಹೊರಟರು. ಜಾಫ್ನಾ ಪಟ್ಟಣದವರಿಗೆ ಕೊಟ್ಟ ಸಮಯ ಎರಡೇ ಗಂಟೆ. ಅವರ ಮಕ್ಕಳಲ್ಲಿ ಎಷ್ಟೋ ಮಂದಿ ಪುತ್ತಳಂ ಕಡೆಯೇ ಬೆಳೆದು ದೊಡ್ಡವರಾದರು. ಈ ಜನರ ನೋವಿಗೆ ಕೊಲಂಬೊದಲ್ಲೂ ಜಾಗ ಸಿಗಲಿಲ್ಲ, ಜಾಫ್ನಾದಲ್ಲೂ ಸಿಗಲಿಲ್ಲ. ಸಂವಿಧಾನದ ದಾರಿಯಲ್ಲೇ ಪರಿಹಾರ ಹುಡುಕುತ್ತಿದ್ದ ನೀಲನ್ ತಿರುಚೆಲ್ವಂ ಅವರನ್ನು 1999ರಲ್ಲಿ ಕೊಂದದ್ದು ಎಲ್‌ಟಿಟಿಇಯೇ. ಚಿಕ್ಕ ಮಕ್ಕಳ ಕೈಗೆ ಬಂದೂಕು ಕೊಟ್ಟದ್ದು, ಕೊನೆಯ ದಿನಗಳಲ್ಲಿ ಓಡಿಹೋಗಲು ನೋಡಿದ ತಮ್ಮದೇ ಜನರ ಮೇಲೆ ಗುಂಡು ಹಾರಿಸಿದ್ದು ಎಲ್ಲವೂ ದಾಖಲೆಯಲ್ಲಿದೆ. ಸುಮಾರು 5,000 ಸೈನಿಕರೂ ಕಾಣೆಯಾದವರ ಪಟ್ಟಿಯಲ್ಲಿದ್ದಾರೆ. ಅವರ ತಾಯಂದಿರು ಅನುರಾಧಪುರದಲ್ಲೋ ಕುರುಣೆಗಲದಲ್ಲೋ ಇನ್ನೂ ಕಾಯುತ್ತಿದ್ದಾರೆ. ಆದ್ದರಿಂದಲೇ ಕಾಣೆಯಾದವರ ವಿಷಯ ತಮಿಳರ ಬೇಡಿಕೆ ಮಾತ್ರ ಎಂದು ಯಾರೂ ಹೇಳಬಾರದು. ಪತ್ರಕರ್ತ ಪ್ರಗೀತ್ ಏಕ್ನಲಿಗೊಡ 2010ರ ಜನವರಿಯಲ್ಲಿ ಕಾಣೆಯಾದ ಮೇಲೆ ಅವರ ಹೆಂಡತಿ ಸಂಧ್ಯಾ, ಸಿಂಹಳ ಹೆಂಗಸು, ಉತ್ತರದ ತಾಯಂದಿರ ಪಕ್ಕದಲ್ಲಿ ಎಷ್ಟು ಸಲ ನಿಂತಿಲ್ಲ? ರಾಜಕಾರಣಿಗಳಿಗೆ ಆಗದ ಕೆಲಸವನ್ನು ಅವರು ಮಾಡಿ ತೋರಿಸಿದ್ದಾರೆ.

ಈಗ ಚೆಮ್ಮಣಿಯ ವಿಷಯ. 1998ರಲ್ಲಿ ಒಬ್ಬ ಶಾಲಾ ಬಾಲಕಿಯ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಶಿಕ್ಷೆಯಾದ ಸೈನಿಕನೊಬ್ಬ ಕೋರ್ಟಿನಲ್ಲಿ ಬಾಯಿಬಿಟ್ಟ. ಜಾಫ್ನಾ ಹತ್ತಿರದ ಚೆಮ್ಮಣಿಯಲ್ಲಿ ನೂರಾರು ಹೆಣ ಹೂತಿದ್ದಾರೆ ಎಂದ. 1999ರಲ್ಲಿ ಅಗೆದಾಗ 15 ಸಿಕ್ಕವು. ಕಡತ ಮುಚ್ಚಿತು. 2025ರಲ್ಲಿ ಅದೇ ಪ್ರದೇಶದ ಒಂದು ಸ್ಮಶಾನದಲ್ಲಿ ಕಟ್ಟಡದ ಕೆಲಸಕ್ಕೆ ಅಗೆಯುವಾಗ ಮೂಳೆ ಕಂಡವು. ಕೋರ್ಟಿನ ಉಸ್ತುವಾರಿಯಲ್ಲಿ ಅಗೆತ ನಡೆದು 200ಕ್ಕೂ ಹೆಚ್ಚು ಅಸ್ಥಿಪಂಜರಗಳು ಹೊರಬಂದವು. ಮಕ್ಕಳದ್ದೂ ಇದ್ದವು. ಶಾಲಾ ಚೀಲ ಇತ್ತು, ಆಟಿಕೆ ಇತ್ತು. ನಿಮ್ಮ ಸರ್ಕಾರ ಈ ಅಗೆತಕ್ಕೆ ಹಣ ಕೊಟ್ಟಿತು, ತಡೆಯಲಿಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮುಖ್ಯಸ್ಥರು ಬಂದು ನೋಡಲು ಬಿಟ್ಟಿತು. ಹಿಂದಿನವರು ಇಷ್ಟನ್ನೂ ಮಾಡುತ್ತಿರಲಿಲ್ಲ ಎಂದು ಮನಸ್ಸು ಬಿಚ್ಚಿ ಹೇಳುತ್ತೇನೆ. ಆದರೆ ಮೂಳೆ ಸಿಕ್ಕರೆ ಸಾಲದು. ಅದು ಯಾರ ಮೂಳೆ ಎಂದು ಗೊತ್ತಾಗಬೇಕು. ಅದಕ್ಕೆ ಕಾಣೆಯಾದವರ ರಕ್ತಸಂಬಂಧಿಗಳ ಡಿಎನ್‌ಎ ಮಾದರಿ ಬೇಕು. ಆ ತಾಯಂದಿರಿಗೆ ಈಗ ಅರವತ್ತು, ಎಪ್ಪತ್ತು, ಎಂಬತ್ತು ವರ್ಷ. ಒಬ್ಬೊಬ್ಬರೇ ತೀರಿಕೊಳ್ಳುತ್ತಿದ್ದಾರೆ. ಒಬ್ಬ ತಾಯಿ ಹೋದರೆ ಮಗನನ್ನು ಗುರುತಿಸುವ ಅತ್ಯಂತ ಗಟ್ಟಿ ಆಧಾರವೂ ಹೋಗುತ್ತದೆ. ಸತ್ಯ ಆಯೋಗ, ಸಂವಿಧಾನ ತಿದ್ದುಪಡಿ ಎಲ್ಲವೂ ಎರಡು ವರ್ಷ ತಡವಾದರೆ ಹೇಗೋ ನಡೆದೀತು. ಈ ಒಂದು ಕೆಲಸ ತಡವಾದರೆ ಮತ್ತೆ ಮಾಡಲು ಆಗುವುದಿಲ್ಲ.

ಬೋಸ್ನಿಯಾದಲ್ಲಿ 1992ರಿಂದ 1995ರ ಯುದ್ಧದ ನಂತರ 30,000ಕ್ಕೂ ಹೆಚ್ಚು ಜನ ಕಾಣೆಯಾಗಿದ್ದರು. ಅಲ್ಲಿ ಬದುಕುಳಿದ ಸಂಬಂಧಿಕರ ರಕ್ತದ ಮಾದರಿಗಳನ್ನು ವ್ಯವಸ್ಥಿತವಾಗಿ ಸಂಗ್ರಹಿಸಿದರು. ಮೂಳೆಗಳ ಡಿಎನ್‌ಎ ಜೊತೆ ಹೋಲಿಸಿದರು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನರ ಗತಿ ಏನಾಯಿತು ಎಂದು ಗೊತ್ತಾಯಿತು. ಬೋಸ್ನಿಯಾದ ರಾಜಕೀಯ ಇವತ್ತಿಗೂ ಜಗಳದಲ್ಲೇ ಇದೆ. ಆದರೂ ಸತ್ತವರ ಸಂಖ್ಯೆಯನ್ನು ಸುಮ್ನೆ ಅಲ್ಲಗಳೆಯುವುದು ಅಲ್ಲಿ ಕಷ್ಟ, ಯಾಕೆಂದರೆ ಹೆಸರು, ಸಮಾಧಿ ಎರಡೂ ಇವೆ. ನಿಮ್ಮ ದೇಶದಲ್ಲಿ ಕೊನೆಯ ಹಂತದಲ್ಲಿ 40,000 ನಾಗರಿಕರು ಸತ್ತಿರಬಹುದು ಎಂದು 2011ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು. ಅದಕ್ಕೂ ಮೊದಲು ಆಗಿನ ಸರ್ಕಾರ ಒಬ್ಬ ನಾಗರಿಕನೂ ಸತ್ತಿಲ್ಲ ಎನ್ನುವಂತೆ ಮಾತಾಡುತ್ತಿತ್ತು. ಸೊನ್ನೆಗೂ ನಲವತ್ತು ಸಾವಿರಕ್ಕೂ ನಡುವೆ ಒಂದು ದೇಶ ಎಷ್ಟು ಕಾಲ ಬದುಕಲು ಸಾಧ್ಯ? ಮಾದರಿ ಸಂಗ್ರಹ ಉತ್ತರದಲ್ಲೂ ದಕ್ಷಿಣದಲ್ಲೂ ಒಟ್ಟಿಗೆ ಶುರುವಾಗಲಿ. ಕಿಳಿನೊಚ್ಚಿಯಲ್ಲಿ ಒಂದು ಕೇಂದ್ರ, ಮಾತಲೆಯಲ್ಲಿ ಒಂದು ಕೇಂದ್ರ. ಪೊಲೀಸ್ ಠಾಣೆಯಲ್ಲಿ ಮಾತ್ರ ಬೇಡ.

ಕೋರ್ಟುಗಳ ಬಗ್ಗೆ ಒಂದೇ ಉದಾಹರಣೆ ಸಾಕು. 2000ದ ಡಿಸೆಂಬರ್‌ನಲ್ಲಿ ಮಿರುಸುವಿಲ್‌ನಲ್ಲಿ ಎಂಟು ತಮಿಳು ನಾಗರಿಕರನ್ನು ಕೊಂದರು. ಸತ್ತವರಲ್ಲಿ ಮಕ್ಕಳಿದ್ದರು. ಹದಿನೈದು ವರ್ಷ ಕಳೆದು 2015ರಲ್ಲಿ ಒಬ್ಬ ಸೈನಿಕನಿಗೆ ಶಿಕ್ಷೆಯಾಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2020ರ ಮಾರ್ಚ್‌ನಲ್ಲಿ, ಕೊರೊನಾ ಗಲಾಟೆಯ ನಡುವೆ, ಗೊಟಬಯ ಅವನಿಗೆ ಕ್ಷಮಾದಾನ ಕೊಟ್ಟು ಮನೆಗೆ ಕಳಿಸಿದರು. ಇಂಥದ್ದನ್ನು ನೋಡಿದ ಜನ ದೇಶದೊಳಗಿನ ನ್ಯಾಯವನ್ನು ನಂಬಿ ಎಂದರೆ ನಂಬುವುದು ಹೇಗೆ? ಸರ್ಕಾರದ ಪರ ವಾದಿಸುವ ಅಟಾರ್ನಿ ಜನರಲ್ ಕಚೇರಿಯೇ ಸರ್ಕಾರದ ಸೈನಿಕರ ಮೇಲೆ ಕೇಸು ನಡೆಸಬೇಕು ಎಂಬುದು ನಿಮ್ಮ ವ್ಯವಸ್ಥೆಯ ದೊಡ್ಡ ಲೋಪ. ಪ್ರತ್ಯೇಕ, ಸ್ವತಂತ್ರ ಪ್ರಾಸಿಕ್ಯೂಷನ್ ಕಚೇರಿ ಮಾಡುತ್ತೇವೆ ಎಂದಿದ್ದೀರಿ. ವಿದೇಶಿ ನ್ಯಾಯಾಧೀಶರು ಬೇಡ ಎನ್ನುವುದು ನಿಮ್ಮ ನಿಲುವಾದರೆ ಆ ಕಚೇರಿಯಾದರೂ ನಿಜಕ್ಕೂ ಸ್ವತಂತ್ರವಾಗಿರಬೇಕು. ಎರಡೂ ಇಲ್ಲ ಅಂದರೆ ಜನ ಜಿನೀವಾದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯ ಕಡೆ ನೋಡುತ್ತಲೇ ಇರುತ್ತಾರೆ.

ಜಮೀನಿನ ವಿಷಯದಲ್ಲಿ ನಿಮ್ಮ ಸರ್ಕಾರ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯಲು ಹೋಯಿತು. 2025ರ ಏಪ್ರಿಲ್‌ನಲ್ಲಿ ಪಲಾಲಿ ಸೈನಿಕ ವಲಯದ ಮೂಲಕ ಹೋಗುವ ರಸ್ತೆಯನ್ನು ಮೂರು ದಶಕಗಳ ನಂತರ ಜನರಿಗೆ ತೆರೆದಿರಿ. ಸಂತೋಷ. ಆದರೆ ಆ ರಸ್ತೆಯಲ್ಲಿ ನಡೆದು ಹೋಗುವಂತಿಲ್ಲ, ಗಾಡಿ ನಿಲ್ಲಿಸುವಂತಿಲ್ಲ, ಸಂಜೆಯಾದ ಮೇಲೆ ಹೋಗುವಂತಿಲ್ಲ ಎಂಬ ಬೋರ್ಡು ಹಾಕಿದರು. ಅದಕ್ಕೆ ಕೆಲವೇ ದಿನ ಮೊದಲು, ಉತ್ತರದ ಸುಮಾರು 5,900 ಎಕರೆ ಭೂಮಿಗೆ ಮೂರು ತಿಂಗಳೊಳಗೆ ಹಕ್ಕು ಸಾಬೀತು ಮಾಡದಿದ್ದರೆ ಅದು ಸರ್ಕಾರಕ್ಕೆ ಸೇರುತ್ತದೆ ಎಂಬ ಗೆಜೆಟ್ ಪ್ರಕಟಣೆ ಬಂದಿತ್ತು. ಹತ್ತು ಸಲ ಊರು ಬಿಟ್ಟು ಓಡಿದವರ ಬಳಿ, ಸುನಾಮಿಯಲ್ಲಿ ಮನೆ ಕಳೆದುಕೊಂಡವರ ಬಳಿ, ಕಾಗದಪತ್ರ ಎಲ್ಲಿಂದ ಬರಬೇಕು? ಎಷ್ಟೋ ವಾರಸುದಾರರು ಕೆನಡಾದಲ್ಲೋ, ಜರ್ಮನಿಯಲ್ಲೋ, ತಮಿಳುನಾಡಿನ ನಿರಾಶ್ರಿತರ ಶಿಬಿರಗಳಲ್ಲೋ ಇದ್ದಾರೆ. ಜನ ಬೀದಿಗಿಳಿದರು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ನೀವು ಅದನ್ನು ಹಿಂತೆಗೆದುಕೊಂಡಿರಿ. ತಪ್ಪಾಯಿತು ಎಂದು ಹಿಂದೆ ಸರಿದ ಸರ್ಕಾರವನ್ನು ನಾನು ಗೌರವಿಸುತ್ತೇನೆ. ಅಂಥ ಪ್ರಕಟಣೆ ಹೊರಡಿಸುವ ಮೊದಲು ಉತ್ತರದ ಒಬ್ಬ ರೈತನನ್ನಾದರೂ ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಉತ್ತರ ಮತ್ತೆ ತಮಿಳು ಪಕ್ಷಗಳ ಕಡೆ ವಾಲಿತು. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ.

ಪ್ರಾಂತೀಯ ಪರಿಷತ್ತುಗಳ ಚುನಾವಣೆ ಇನ್ನೊಂದು ಬಾಕಿ. 1987ರ ಹದಿಮೂರನೇ ತಿದ್ದುಪಡಿಯಿಂದ ಹುಟ್ಟಿದ ಈ ಪರಿಷತ್ತುಗಳನ್ನು ನಿಮ್ಮ ಪಕ್ಷ ಆಗ ರಕ್ತ ಹರಿಸಿ ವಿರೋಧಿಸಿತ್ತು. ಯುದ್ಧ ಮುಗಿದ ಮೇಲೆ ಉತ್ತರ ಪ್ರಾಂತ್ಯಕ್ಕೆ ತನ್ನದೇ ಪರಿಷತ್ತು ಸಿಕ್ಕಿದ್ದು 2013ರಲ್ಲಿ. 2018ರ ಅಕ್ಟೋಬರ್‌ಗೆ ಅದರ ಅವಧಿ ಮುಗಿಯಿತು. ಆಮೇಲೆ ಅಧ್ಯಕ್ಷರು ನೇಮಿಸುವ ರಾಜ್ಯಪಾಲರದ್ದೇ ಆಡಳಿತ. 2017ರಲ್ಲಿ ಚುನಾವಣಾ ಪದ್ಧತಿ ಬದಲಿಸುವ ಕಾನೂನು ತಂದರು. ಕ್ಷೇತ್ರ ವಿಂಗಡಣೆಯ ವರದಿಯನ್ನು ಮರುವರ್ಷ ಸಂಸತ್ತೇ ಸೋಲಿಸಿತು. ಹೊಸ ಪದ್ಧತಿ ಬರಲಿಲ್ಲ, ಹಳೆಯದು ಉಳಿಯಲಿಲ್ಲ. ಹಳೆಯ ಅನುಪಾತ ಪದ್ಧತಿಯಲ್ಲೇ ಈ ಒಂದು ಸಲ ಚುನಾವಣೆ ನಡೆಸಬಹುದು ಎಂಬ ಪುಟ್ಟ ತಿದ್ದುಪಡಿ ಸಾಕು. 159 ಸದಸ್ಯರಿರುವ ಸರ್ಕಾರಕ್ಕೆ ಅದು ಒಂದು ಮಧ್ಯಾಹ್ನದ ಕೆಲಸ. ಹೊಸ ಸಂವಿಧಾನ ಬರುವವರೆಗೆ ಕಾಯಿರಿ ಎಂದು ದಯವಿಟ್ಟು ಹೇಳಬೇಡಿ. ಹೊಸ ಸಂವಿಧಾನದ ಮಾತನ್ನು ಅವರು 1994ರಿಂದ ಕೇಳುತ್ತಿದ್ದಾರೆ.

ಭಾಷೆಯ ಮಾತು ಬಂದಾಗ ಕನ್ನಡಿಗರಾದ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಸ್ವಂತ ನೆಲದ ಕಚೇರಿಯಲ್ಲಿ ಬೇರೆ ಭಾಷೆಯ ಅರ್ಜಿ ಕೈಗಿಟ್ಟಾಗ ಹೇಗಾಗುತ್ತದೆ ಎಂದು ನಮಗೆ ಗೊತ್ತು. ತಮಿಳೂ ಅಧಿಕೃತ ಭಾಷೆ ಎಂದು ನಿಮ್ಮ ಸಂವಿಧಾನ ಹೇಳುತ್ತದೆ. ಆದರೆ ವವುನಿಯಾದ ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೊಲೀಸನಿಗೆ ತಮಿಳು ಬರದಿದ್ದರೆ ಸಂವಿಧಾನ ಅಲ್ಲಿಗೆ ತಲುಪಲಿಲ್ಲ ಎಂದೇ ಅರ್ಥ. ಭಯೋತ್ಪಾದನೆ ತಡೆ ಕಾಯ್ದೆಯೂ ಹಾಗೆಯೇ. ತಾತ್ಕಾಲಿಕ ಎಂದು ಹೇಳಿ 1979ರಲ್ಲಿ ತಂದದ್ದು. ಅದರಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯೇ ಸಾಕ್ಷಿ. ಅದನ್ನು ರದ್ದು ಮಾಡುತ್ತೇವೆ ಎಂದು ನೀವು ಪ್ರಣಾಳಿಕೆಯಲ್ಲಿ ಬರೆದಿದ್ದಿರಿ. ಹೆಸರು ಬದಲಿಸಿ ಅದನ್ನೇ ಮತ್ತೆ ತರಬೇಡಿ.

ಇದಕ್ಕೆಲ್ಲ ಯಾರು ಅಡ್ಡ ಬರುತ್ತಾರೆ ಎಂದೂ ನನಗೆ ಗೊತ್ತಿದೆ. ದೇಶ ಕಾಪಾಡಿದ ಯೋಧರನ್ನು ಬಲಿಕೊಡುತ್ತಿದ್ದಾರೆ ಎಂದು ವಿರೋಧ ಪಕ್ಷ ಕೂಗುತ್ತದೆ. ಕೆಲವು ಭಿಕ್ಕುಗಳು ಬೀದಿಗಿಳಿಯಬಹುದು. ಆದರೆ ಅಪರಾಧ ಮಾಡಿದವರ ಹೆಸರು ಹೊರಬಂದರೆ ಉಳಿದ ಲಕ್ಷಾಂತರ ಸೈನಿಕರ ಮೇಲಿನ ಅನುಮಾನ ಕಳೆಯುತ್ತದೆ. ಈಗ ಇಡೀ ಸೈನ್ಯವೇ ಕೆಲವರ ಪಾಪ ಹೊತ್ತು ನಿಂತಿದೆ. ಸೈನಿಕರ ಕುಟುಂಬಗಳ ಮುಂದೆ ಈ ಮಾತನ್ನು ನೀವೇ ಹೋಗಿ ಹೇಳಿ. ಅವರಲ್ಲಿ ಹೆಚ್ಚಿನವರು ಬಡ ರೈತರ ಮಕ್ಕಳು. ತಂಬುತ್ತೇಗಮದಲ್ಲಿ ಬೆಳೆದ ನಿಮ್ಮ ಮಾತನ್ನು ಅವರು ಕೇಳುತ್ತಾರೆ. ಕೊಲಂಬೊದ ದೊಡ್ಡ ಮನೆತನದವರು ಹೇಳಿದ್ದರೆ ಕೇಳುತ್ತಿರಲಿಲ್ಲ.

ಎಲ್ಲವನ್ನೂ ನಾಳೆಯೇ ಮಾಡಿ ಎಂದು ಕೇಳುತ್ತಿಲ್ಲ. ಒಂದನ್ನು ಮೊದಲು ಮಾಡಿ. 2009ರ ಮೇ ತಿಂಗಳಲ್ಲಿ ಸೈನ್ಯಕ್ಕೆ ಶರಣಾದವರ, ಕುಟುಂಬದವರೇ ಒಪ್ಪಿಸಿದವರ ಹೆಸರುಗಳು ಯಾವ ಕಡತದಲ್ಲಿವೆಯೋ ಅದನ್ನು ತರಿಸಿ ಪ್ರಕಟಿಸಿ. ಯಾರನ್ನು ಎಲ್ಲಿಗೆ ಕಳಿಸಿದರು, ಆಗ ಹೊಣೆ ಹೊತ್ತಿದ್ದ ಅಧಿಕಾರಿ ಯಾರು ಎಂಬುದೂ ಅದರಲ್ಲಿ ಇರಲಿ. ಇದಕ್ಕೆ ಸಂಸತ್ತಿನ ಮತ ಬೇಡ, ವಿದೇಶಿ ಸಾಲ ಬೇಡ, ಹೊಸ ಆಯೋಗವೂ ಬೇಡ. ರಕ್ಷಣಾ ಸಚಿವರೂ ನೀವೇ ಆಗಿರುವುದರಿಂದ ಒಂದು ಲಿಖಿತ ಆದೇಶ ಸಾಕು. ಅಂಥ ಕಡತವೇ ಇಲ್ಲ ಎಂದು ಸೈನ್ಯ ಹೇಳಿದರೆ ಆ ಉತ್ತರವನ್ನೂ ಸಹಿ ಸಮೇತ ಬರೆಸಿಕೊಂಡು ಪ್ರಕಟಿಸಿ. ಪಟ್ಟಿಯನ್ನು ಮೊದಲು ಕಿಳಿನೊಚ್ಚಿಯಲ್ಲಿ, ತಮಿಳಿನಲ್ಲಿ ಹಾಕಿಸಿ. ಕೊಲಂಬೊದ ಪತ್ರಿಕಾಗೋಷ್ಠಿಯನ್ನು ಮರುದಿನ ಮಾಡಿದರೂ ನಡೆಯುತ್ತದೆ.

ಗೌರವದಿಂದ,
ನೆರೆಯ ದೇಶದ ಒಬ್ಬ ಕನ್ನಡಿಗ